ಅಕ್ಕನಿಗಾಗಿ ಎತ್ತರ ಮಾಡಿಸಿದ ಜೀಪು

ಹೋದ ತಿಂಗಳು ಅಕ್ಕಲಕೋಟೆಗೆ ಹೊರಟಿದ್ದೆವು. ಕುಂಭಾರಿ ದಾಟುತ್ತಲೇ ಕಾರಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಮಗ ನಿಧಾನವಾಗಿ ನಡೆಸಿಕೊಂಡು ಬಂದು ರಸ್ತೆಬದಿಯ ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಒಳಗೆ ಹೊಚ್ಚ ಹೊಸ ಜೀಪೊಂದು ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು. ಅದಕ್ಕಿನ್ನೂ ನಂಬರು ಬಂದಿರಲಿಲ್ಲ, ಸೀಟುಗಳ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಅಂಥದರ ಗಾಲಿ ಬಿಚ್ಚಿ, ಉದ್ದನೆಯ ಸ್ಪ್ರಿಂಗು ಕೂಡಿಸಿ ಎತ್ತರ ಮಾಡುತ್ತಿದ್ದರು. ಜೀಪಿನ ಒಡೆಯ ಗಡ್ಡ ಬಿಟ್ಟ ಹುಡುಗ. ನಾನು ನೋಡುತ್ತ ನಿಂತಿದ್ದನ್ನು ಕಂಡು ಹಿಗ್ಗಿನಿಂದ, “ಆಜಿ, ಆತಾ ಹೀ ನದೀತೂನ್‌ಸುದ್ಧಾ ಜಾಯೀಲ್” ಎಂದ. ಇನ್ನು ಇದು ಹೊಳೆಯೊಳಗೂ ಹೋಗುತ್ತದಂತೆ.

ಅಷ್ಟರಲ್ಲಿ ಹಿಂದುಗಡೆ ಯಾರೋ ಕಾದ ಕಬ್ಬಿಣವನ್ನು ಎಣ್ಣೆಯಲ್ಲಿ ಅದ್ದಿದರು. ಆ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಂದದ್ದೇ ತಡ, ಅಲ್ಲೇ ಬಾಕಿನ ಮೇಲೆ ಕುಳಿತೆ.

“ಯಾಕವ್ವಾ, ತಲಿ ತಿರಗಾಕತ್ತದೇನು?” ಎಂದು ಮಗ ಓಡಿಬಂದ.

“ಏನಿಲ್ಲೋ, ಬಿಸಲ” ಎಂದೆ. ಅವನಿಗೆ ಕಸ್ತೂರಕ್ಕ ಗೊತ್ತಿಲ್ಲ. ಅವನು ಹುಟ್ಟುವ ಎಷ್ಟೋ ವರ್ಷ ಮೊದಲೇ ಅವಳು ಹೋಗಿದ್ದಳು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ದೊಡ್ಡ ಬರ ಹಿಂದೆ ಬಿದ್ದು ಮಳೆ ಮತ್ತೆ ಹಾದಿಗೆ ಬಂದಿತ್ತು. ಮೋಡ ಕಂಡರೆ ಸಾಕು, ಜನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದ ಕಾಲ. ಸೋಲಾಪುರದಲ್ಲಿ ನಮ್ಮದು ಬಟ್ಟೆ ವ್ಯಾಪಾರದ ಮನೆ. ಕೆಳಗೆ ಅಂಗಡಿ, ಮೇಲೆ ನಾವು. ನಾನು ಆಗಷ್ಟೇ ಬಿ.ಎ. ಪರೀಕ್ಷೆ ಬರೆದು ಕುಳಿತಿದ್ದೆ. ನನ್ನ ಒಬ್ಬಳೇ ಅಕ್ಕ ಕಸ್ತೂರಿಯನ್ನು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ದುಧನಿ ಕಡೆಯ ಡಾಂಬರು ರಸ್ತೆ ಬಿಟ್ಟು ಎರೆಹೊಲಗಳ ನಡುವೆ ಒಳಗೆ ಹೋಗಬೇಕು. ನಡುವೆ ಒಂದು ಹಳ್ಳ, ಅದಕ್ಕೆ ಸೇತುವೆಯಿಲ್ಲ. ಅಕ್ಕನ ಗಂಡ ಸಿದ್ರಾಮಪ್ಪ ಜೋಳದ ಹೊಲಗಳಿದ್ದ ಮನೆತನದವರು. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ಎತ್ತರದ ಆಳು, ಮಾತು ಕಡಿಮೆ. ಆ ಚಳಿಗಾಲದಲ್ಲಿ ಅವರು ಹೊಸ ಜೀಪು ತಂದಿದ್ದರು. ಹೆಸರು ಬರೆಸಿ ಬಹಳ ಕಾಲ ಕಾದು ಸಿಕ್ಕ ಜೀಪು. ಅಕ್ಕನನ್ನು ಕೂಡಿಸಿಕೊಂಡು ಗಾಣಗಾಪುರಕ್ಕೆ ಹೋಗಬೇಕು, ಪಂಢರಪುರಕ್ಕೆ ಹೋಗಬೇಕು ಎಂದೆಲ್ಲ ಲೆಕ್ಕ ಹಾಕಿದ್ದರು. ಕೊನೆಗೆ ಅದು ಅಕ್ಕನನ್ನು ಮೊದಲು ಕರೆದೊಯ್ದದ್ದು ಸೋಲಾಪುರದ ದವಾಖಾನೆಗೆ.

ಅಕ್ಕನ ಹೊಟ್ಟೆ ಉಬ್ಬುತ್ತಿತ್ತು. ಮಗಳು ಗೌರಿಯ ಬೆನ್ನಿಗೆ ಎರಡನೆಯ ಕೂಸು ಎಂದು ಅವಳ ಅತ್ತೆ ಮೊದಲು ಸಂಭ್ರಮಪಟ್ಟಿದ್ದರಂತೆ. ಅದು ಕೂಸಲ್ಲ, ಗಂಟು ಎಂದು ಡಾಕ್ಟರು ಹೇಳಿದರು. ಹೊಟ್ಟೆ ಕೊಯ್ದು ನೋಡಿ ಹಾಗೆಯೇ ಹೊಲಿದುಬಿಟ್ಟರು. ಆಮೇಲೆ ಒಳಗೆ ನೀರು ತುಂಬತೊಡಗಿತು. ವಾರವೋ ಹತ್ತು ದಿನವೋ ಕಳೆದರೆ ಉಸಿರಾಡಲೂ ಆಗುತ್ತಿರಲಿಲ್ಲ. ದವಾಖಾನೆಯಲ್ಲಿ ದಬ್ಬಣದಂಥ ಸೂಜಿ ಚುಚ್ಚಿ ನೀರು ತೆಗೆದರೆ ಮುಖಕ್ಕೆ ಮತ್ತೆ ಸ್ವಲ್ಪ ಕಳೆ ಬರುತ್ತಿತ್ತು, ನಾಲ್ಕು ತುತ್ತು ಉಣ್ಣುತ್ತಿದ್ದಳು.

ಬೇಸಿಗೆಯ ಕೊನೆಗೆ ನಮ್ಮ ಮನೆಯಲ್ಲಿ ಅದೇ ಮಾತು. ಅಪ್ಪ ಅಳಿಯನನ್ನು ಕೂಡಿಸಿಕೊಂಡು, “ಮಳಿಗಾಲ ಮುಗಿಯೂತನಾ ಕಸ್ತೂರಿ ಇಲ್ಲೇ ಇರಲಿ. ದವಾಖಾನಿ ಹತ್ರ ಆಗ್ತದ. ಹಳ್ಳ ಬಂತಂದ್ರ ಏನ ಮಾಡ್ತೀರಿ?” ಎಂದರು.

ಮಾಮಾ ಉತ್ತರ ಕೊಡುವ ಮೊದಲೇ ಒಳಗೆ ಚಾಪೆಯ ಮೇಲೆ ಮಲಗಿದ್ದ ಅಕ್ಕ ಮಾತಾಡಿದಳು. “ಅಪ್ಪಾ, ನಾ ಇಲ್ಲಿ ಇರಂಗಿಲ್ಲ. ಇದು ನಿಮ್ಮ ಮನಿ. ನನ್ನ ಮನಿ ಅಲ್ಲದ. ಗೌರಿ ಅಲ್ಲದಾಳ.”

“ಗೌರೀನೂ ಕರಕೊಂಡ ಬಾ.”

“ಕೂಸಿಗೆ ಇಲ್ಲಿ ಆಡಾಕ ಅಂಗಳಿಲ್ಲ, ನನಗ ನೋಡಾಕ ಹೊಲಿಲ್ಲ. ಗಿರಣಿ ಭೋಂಗಾ ಕೂಗೂದ ಕೇಳ್ಕೋತ ಮಲಗಾಕ ಆಗಂಗಿಲ್ಲ ಅಪ್ಪಾ, ಒತ್ತಾಯ ಮಾಡಬ್ಯಾಡ್ರಿ.”

ಅಪ್ಪ ಅಳಿಯನ ಮುಖ ನೋಡಿದರು. ಮಾಮಾ ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಕೊನೆಗೆ, “ಆಕಿ ಹೇಳಿಧಂಗ ಆಗಲ್ರಿ ಮಾಂವ. ಕರಕೊಂಡ ಬರೂದು, ಒಯ್ಯೂದು ನನ್ನ ಮ್ಯಾಲಿರ್ಲಿ” ಎಂದರು. ಅಕ್ಕನ ಆರೈಕೆಗೆ ನಾನು ಹೋಗುವುದೆಂದು ಅಂದೇ ನಿಶ್ಚಯವಾಯಿತು.

ಜೂನಿನಲ್ಲಿ ಮಿರಗದ ಮೊದಲ ಮಳೆಗೆ ಅಕ್ಕನ ಹಳ್ಳಿಯೆಲ್ಲ ಹಿಗ್ಗಿತು. ಅದರ ಮರುದಿನವೇ ನಾವು ದವಾಖಾನೆಗೆ ಹೋಗಬೇಕಾಗಿತ್ತು. ಎರೆಮಣ್ಣು ನೀರು ಕುಡಿದರೆ ಹೇಗಾಗುತ್ತದೆಂದು ಆ ಸೀಮೆಯವರಿಗೆ ಹೇಳಬೇಕಿಲ್ಲ. ಚಪ್ಪಲಿ ಹಿಡಿದುಕೊಳ್ಳುತ್ತದೆ, ಕಾಲು ಹಿಡಿದುಕೊಳ್ಳುತ್ತದೆ. ಚಕ್ಕಡಿಗಳು ಓಡಾಡಿ ಹಾದಿಯಲ್ಲಿ ಎರಡು ಆಳವಾದ ಗಾಲಿ ಜಾಡು ಬಿದ್ದು, ನಡುವೆ ಮಣ್ಣಿನ ದಿಂಡು ಎದ್ದಿತ್ತು. ಜೀಪಿನ ಗಾಲಿ ಜಾಡಿಗಿಳಿದವು, ಹೊಟ್ಟೆ ದಿಂಡಿನ ಮೇಲೆ ಕುಳಿತುಬಿಟ್ಟಿತು. ಗಾಲಿಗಳು ಸುಮ್ಮನೆ ತಿರುಗಿದವೇ ಹೊರತು ಗಾಡಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಹೊಲದಲ್ಲಿ ಬಿತ್ತುತ್ತಿದ್ದವರು ಕೂರಿಗೆ ಬಿಟ್ಟು ಎತ್ತು ಹೊಡೆದುಕೊಂಡು ಬಂದರು. ಹಗ್ಗ ಕಟ್ಟಿ ಎಳೆದು ಹೊರಗೆ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಅಕ್ಕ ಹಿಂದೆ ಗಾದಿಯ ಮೇಲೆ ನನಗೆ ಒರಗಿ, ಬಾಯಿ ತೆರೆದು ಉಸಿರಾಡುತ್ತ ಕುಳಿತಿದ್ದಳು. ಮಾಮಾ ಮೈಯೆಲ್ಲ ಕೆಸರಾಗಿ ಬಂದು ಅವಳ ಕಾಲ ಬಳಿ ನಿಂತರು.

ಅವಳೇ ನಕ್ಕಳು. “ಗಾಡಿಗೂ ನನ್ನಂಗ ಹೊಟ್ಟಿ ಭಾರ ಆಗ್ಯಾದ ನೋಡ್ರಿ.”

ಅಂದು ಅಕ್ಕನನ್ನು ದವಾಖಾನೆಯಲ್ಲಿ ಬಿಟ್ಟು, ಮಾಮಾ ನೇರವಾಗಿ ಅಕ್ಕಲಕೋಟೆ ರಸ್ತೆಯ ಬಾಬು ಮಿಸ್ತ್ರಿಯ ಗ್ಯಾರೇಜಿಗೆ ಹೋದರು. ಅಕ್ಕನಿಗೆ ಅವ್ವನನ್ನು ಕಾವಲಿಟ್ಟು ನನ್ನನ್ನೂ ಕರೆದೊಯ್ದರು. ಹಿಂದೆ ಮಲಗಿದವರಿಗೆ ಎಲ್ಲಿ ಏನು ಬೇಕೆಂದು ಹೇಳಲು ನಾನು ಬೇಕಿತ್ತು. ಬಾಬು ಮಿಸ್ತ್ರಿ ದೊಡ್ಡ ಮಾತಿನ ಮನುಷ್ಯ. ಜೀಪಿನ ಸುತ್ತ ಒಂದು ಸುತ್ತು ಬಂದು, “ಸಾವಕಾರ, ಹೊಸಾ ಗಾಡಿ. ಕಂಪನಿಯವ್ರು ಕೂಡಿಸಿದ್ದ ಬೋಲ್ಟಿಗೆ ಇನ್ನಾ ಬಣ್ಣ ಅದ. ಇದನ್ನ ಬಿಚ್ಚಂತೀರಿ? ಮದಲಗಿತ್ತಿ ಸೀರಿ ಹರದಂಗ ಆಗ್ತದ” ಎಂದ.

“ಎತ್ತರ ಮಾಡಿ ಕೊಡ್ತಿಯೋ ಇಲ್ಲೋ, ಅಷ್ಟ ಹೇಳು” ಎಂದರು ಮಾಮಾ.

“ಬಾಬು ಮನಸ್ ಮಾಡಿದ್ರ ಒಂಟಿಯಷ್ಟ ಎತ್ತರ ಮಾಡ್ತಾನ.”

ಜೀಪಿನ ಕೆಳಗೆ ಜ್ಯಾಕ್ ಕೊಟ್ಟು, ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಗಾಲಿ ಬಿಚ್ಚಿದರು. ಗಾಡಿಯ ಭಾರ ಹೊರುವ ಕಮಾನುಗಳು ಹೊರಗೆ ಬಂದವು. ಉದ್ದದಿಂದ ಗಿಡ್ಡಕ್ಕೆ ಒಂದರ ಮೇಲೊಂದು ಜೋಡಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಅವು. ಮಿಸ್ತ್ರಿ ಹಳೆಯ ಲಾರಿಯ ಪಟ್ಟಿಗಳನ್ನು ಕತ್ತರಿಸಿ ಪ್ರತಿ ಕಮಾನಿಗೂ ಜೋಡಿಸಿದ. ಕಮಾನು ತೂಗುಬಿಡುವ ಕೊಂಡಿಗಳನ್ನು ಉದ್ದ ಮಾಡಿದ. ಗಾಡಿ ಮೇಲೇರಿದರೆ ಬ್ರೇಕಿನ ರಬ್ಬರು ನಳಿಕೆ ಗಿಡ್ಡವಾಗುತ್ತದೆಂದು ಅದನ್ನೂ ಬದಲಿಸಿದ. ಅಕ್ಕ ದವಾಖಾನೆಯಿಂದ ತವರಿಗೆ ಬಂದು ಸುಧಾರಿಸಿಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿತ್ತು. ಗಾಲಿ ಹಾಕಿ ಇಳಿಸಿದಾಗ ಜೀಪು ಹಿಂಗಾಲ ಮೇಲೆ ಎದ್ದ ಕುದುರೆಯಂತೆ ಕಂಡಿತು. ಮಾಮಾ ಕೆಳಗೆ ಬಗ್ಗಿ ಮೊಳಕೈಯಿಟ್ಟು ಅಳೆದು ನೋಡಿದರು. ಆ ವರ್ಷ ಅವರು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಜಾಡಿನ ಕೆಸರೆಲ್ಲ ಅದಕ್ಕೆ ಲೆಕ್ಕಕ್ಕಿಲ್ಲದಂತಾಯಿತು. ಹಳ್ಳದ ನೀರನ್ನೂ ಸುಲಭವಾಗಿ ದಾಟಿತು. ಅಂಗಳದಲ್ಲಿ ನಿಂತಾಗ ಗೌರಿ ಚಪ್ಪಾಳೆ ತಟ್ಟಿದಳು. ನಾಲ್ಕು ವರ್ಷದ ಕೂಸು, ಕಾಲಿಗೆ ಎಟುಕದ ಜೀಪಿನ ಮೆಟ್ಟಿಲ ಕೆಳಗೆ ನಿಂತು “ಎತ್ತು ಸಣ್ಣವ್ವಾ, ಎತ್ತು” ಎಂದು ಕುಣಿಯಿತು. ಊರವರು ಬಂದು ನೋಡಿಹೋದರು. ಆ ಗಲಾಟೆಯಲ್ಲಿ ಅಕ್ಕನ ಮುಖವನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಒಳಗೆ ಕರೆದೊಯ್ದು ಮಲಗಿಸಿ ಸೆರಗು ಸರಿಸಿದಾಗ ಅವಳ ಕೆಳತುಟಿ ಕಚ್ಚಿ ರಕ್ತವಾಗಿತ್ತು.

“ಏನಾತಕ್ಕಾ?”

“ಗಟ್ಟಿ ಮಾತಾಡಬ್ಯಾಡ. ಅವರಿಗೆ ಕೇಳ್ತದ.” ನನ್ನ ಕೈಯನ್ನು ತನ್ನ ಹೊಟ್ಟೆಯ ಬದಿಗೆ ಒತ್ತಿಕೊಂಡಳು. “ಗಾಡಿ ಭಾಳ ಬಿರಸಾಗ್ಯಾದ ಶಾಂತಾ. ಒಂದೊಂದ ಕಲ್ಲಿಗೂ ಒಳಗ ಒನಕಿ ಹಾಕಿ ಕುಟ್ಟಿಧಂಗ ಆಗ್ತದ. ಆದ್ರ ಅವರು ಎಷ್ಟ ಆಸೀಲೆ, ಹೌಸಿಲೆ ಮಾಡಿಸ್ಯಾರ. ಏನ ಹೇಳ್ಲಿ?”

ಮುಂದಿನ ಸಲವೂ ಹೇಳದೆ ಹೋಗಿಬಂದಳು. ಗಾಡಿ ಎತ್ತರ ಮಾಡಲು ಹಾಕಿದ ಹೆಚ್ಚಿನ ಪಟ್ಟಿಗಳೇ ಅದನ್ನು ಬಿರುಸು ಮಾಡಿದ್ದವು. ಖಾಲಿ ಚಕ್ಕಡಿ ಕೂಡ ಅಷ್ಟು ಎತ್ತಿಹಾಕುತ್ತಿರಲಿಲ್ಲ. ಅದರ ಮುಂದಿನ ಸಲ ಹೊಟ್ಟೆ ತುಂಬಿ, ಕಣ್ಣು ಮೇಲೆ ಹೋಗುತ್ತಿದ್ದರೂ ಹಾಸಿಗೆ ಬಿಟ್ಟು ಏಳಲಿಲ್ಲ. “ನಾ ಬರಂಗಿಲ್ಲ. ಇಲ್ಲೇ ಬಿಡ್ರಿ ನನ್ನ” ಎಂದಳು. ಮಾಮಾ ಯಾಕೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕೊನೆಗೆ ನಾನು ಹೇಳಿದೆ. ಅವರು ಕೂಡಲೇ ಹೊರಗೆ ಹೋಗಿ ಊರವರನ್ನು ಕರೆತಂದರು.

ಅಂದು ಊರವರು ಅವಳನ್ನು ಹೊರಸಿನ ಮೇಲೆ ಹೊತ್ತು ಹಳ್ಳ ದಾಟಿಸಿ, ಡಾಂಬರು ರಸ್ತೆಯವರೆಗೆ ತಂದರು. ಅಲ್ಲಿಂದ ನುಣುಪು ಹಾದಿಯಲ್ಲಿ ಜೀಪು. ಅವಳನ್ನು ದವಾಖಾನೆಗೆ ಸೇರಿಸಿ ಮಾಮಾ ನನ್ನನ್ನೂ ಕರೆದುಕೊಂಡು ಮಿಸ್ತ್ರಿಯ ಮುಂದೆ ಹೋಗಿ ನಿಂತರು.

“ಹೇಳಿಧಂಗ ಏರಿಸೀನಲ್ರಿ ಸಾವಕಾರ. ಈಗೇನಾತು?” ಎಂದ ಬಾಬು.

“ಹಿಂದ ಮಲಕೋ.”

“ಆಂ?”

“ಆಕಿ ಮಲಗೂ ಗಾದಿ ಮ್ಯಾಲ ಮಲಕೋ. ನಾ ಹೊಡಿತೀನಿ.”

ಮಿಸ್ತ್ರಿ ನನ್ನ ಮುಖ ನೋಡಿದ. ಏನು ತಿಳಿಯಿತೋ, ಕೈ ಒರೆಸಿಕೊಂಡು ಹಿಂದೆ ಹತ್ತಿ ಮಲಗಿದ. ಗ್ಯಾರೇಜಿನ ಹಿಂದೆ ಕಲ್ಲುಗಣಿಗೆ ಹೋಗುವ ಹಾದಿಯಿತ್ತು. ಮಾಮಾ ಅದರಲ್ಲಿ ಹೋಗಿ ತಿರುಗಿ ಬಂದರು. ಬಾಬು ಇಳಿದಾಗ ದೊಡ್ಡ ಮಾತು ಯಾವುದೂ ಉಳಿದಿರಲಿಲ್ಲ. ಸೊಂಟ ಹಿಡಿದುಕೊಂಡು, “ತಂಗಿ, ಅಕ್ಕಾರಿಗೆ ಹೊಟ್ಟೀದು ಅಪರೇಶನ್ ಆಗ್ಯಾದೇನು?” ಎಂದು ನನ್ನನ್ನು ಕೇಳಿದ. ನಾನು ಹೂಂ ಎಂದೆ. “ತೌಬಾ” ಎಂದು ಕೆನ್ನೆ ಮುಟ್ಟಿಕೊಂಡ.

ಬಹಳ ಹೊತ್ತು ಗಾಡಿಯ ಕೆಳಗೆ ಕುಕ್ಕುರುಗಾಲಲ್ಲಿ ಕುಳಿತು ನೋಡಿದ. ಆಮೇಲೆ ಹೇಳಿದ: “ಲಾರಿ ಪಟ್ಟಿ ಎಲ್ಲಾ ತಗದ ಬಿಡ್ತೀನಿ. ಕಂಪನಿದ ಪಟ್ಟಿನ ಕಾಯಿಸಿ, ಬಡದು, ಬಾಗ ಹೆಚ್ಚ ಮಾಡ್ತೀನಿ. ಎತ್ತರನೂ ಇರ್ತದ, ಮೆತ್ತಗೂ ಇರ್ತದ. ಆದ್ರ ಸಾವಕಾರ, ಇದು ಭಾಳ ದಿವಸ ತಡ್ಯಂಗಿಲ್ಲ. ಬಡದ ಪಟ್ಟಿ ಹಗರಕ ಮತ್ತ ಕೆಳಗ ಕೂಡ್ತಾವ. ಒಂದ ಮಳಿಗಾಲ ಹೋದ್ರ ಹೆಚ್ಚು.”

“ಒಂದ ಮಳಿಗಾಲ ಸಾಕು” ಎಂದರು ಮಾಮಾ.

ಎಷ್ಟು ಸಹಜವಾಗಿ ಹೇಳಿದರೆಂದರೆ ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕುಲುಮೆಯಲ್ಲಿ ಪಟ್ಟಿ ಕೆಂಪಾಗಿತ್ತು. ಡಾಕ್ಟರು ಅವರೊಬ್ಬರಿಗೇ ಏನೋ ಹೇಳಿದ್ದರು. ನಮ್ಮ ಅಪ್ಪನಿಗೆ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಬೇಸಿಗೆಯಿಂದ ಅವರು ಅದನ್ನು ಒಬ್ಬರೇ ಹೊತ್ತು ತಿರುಗಿದ್ದರು. ಕೆಂಪು ಪಟ್ಟಿಯನ್ನು ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಇಬ್ಬರು ಸುತ್ತಿಗೆಯಿಂದ ಬಡಿದರು, ಎಣ್ಣೆಯ ಡ್ರಮ್ಮಿನಲ್ಲಿ ಅದ್ದಿದರು. ಹೊಗೆ ನಮ್ಮಿಬ್ಬರ ಮುಖಕ್ಕೂ ಬಂತು. ಮಾಮಾ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಹೊಗೆಯಿತ್ತಲ್ಲ, ಯಾರೂ ಏನೂ ಕೇಳಲಿಲ್ಲ.

ಆ ಮೆತ್ತಗಿನ ಕಮಾನುಗಳ ಮೇಲೆ ನಾವು ಮಳೆಗಾಲವೆಲ್ಲ ಓಡಾಡಿದೆವು. ಈಗ ನೆನೆಸಿಕೊಂಡರೆ ದುಃಖದಷ್ಟೇ ಸುಖವೂ ಇತ್ತು ಎನಿಸುತ್ತದೆ. ಜೀಪು ತೊಟ್ಟಿಲಂತೆ ತೂಗುತ್ತಿತ್ತು. ಅಕ್ಕ ಒಮ್ಮೊಮ್ಮೆ ಹಾದಿಯಲ್ಲೇ ನಿದ್ದೆ ಹೋಗುತ್ತಿದ್ದಳು. ನೀರು ತೆಗೆಸಿಕೊಂಡು ಹಗುರಾಗಿ ಬರುವಾಗ ಎದ್ದು ಕುಳಿತು, ಯಾರ ಹೊಲದಲ್ಲಿ ತೊಗರಿ ಚೆನ್ನಾಗಿದೆ, ಯಾರದರಲ್ಲಿ ಕಳೆ ಬಿದ್ದಿದೆ ಎಂದು ಹೇಳುತ್ತಿದ್ದಳು. “ಸಾವಕಾಶ ಹೊಡೀರಿ, ನೋಡಾಕರ ಬಿಡ್ರಿ” ಎಂದು ಗಂಡನಿಗೆ ಗದರುತ್ತಿದ್ದಳು. ಮನೆಗೆ ಬಂದರೆ ಗೌರಿಯನ್ನು ಪಕ್ಕಕ್ಕೆ ಹಾಕಿಕೊಂಡು ಕತೆ ಹೇಳಿಸಿಕೊಳ್ಳುತ್ತಿದ್ದಳು. ಹೇಳಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಕೂಸೇ ಹೇಳುತ್ತಿತ್ತು. ಮಲಗುವಾಗ ಮಾತ್ರ ಗೌರಿ ನನ್ನ ಬಳಿ ಬರುತ್ತಿದ್ದಳು, ನನ್ನ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡು.

ಪುಬ್ಬ ಮಳೆಯ ದಿನಗಳಲ್ಲಿ ಒಮ್ಮೆ ದವಾಖಾನೆಯಿಂದ ಮರಳುವಾಗ ಹಳ್ಳಕ್ಕೆ ಹೊಸನೀರು ಬಂದಿತ್ತು. ಇಳಿಯಲೆಂದು ದಂಡೆಯಲ್ಲಿ ಕಾದೆವು. ಮಳೆ ನಿಂತು ಇಳಿಬಿಸಿಲು ಬಿದ್ದಿತ್ತು. ಹಿಂದಿನ ದಿನ ನಮ್ಮ ಅವ್ವ ಮತ್ತು ಅಕ್ಕನನ್ನು ನೋಡಲು ಬಂದುಹೋದ ಅವಳ ಅತ್ತೆ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕುಳಿತು ಮೆಲುದನಿಯಲ್ಲಿ ಮಾತಾಡಿದ್ದರು. ಕೂಸಿಗೆ ತಾಯಿ ಬೇಕು, ಹೊರಗಿನವಳು ಬಂದರೆ ಹೇಗೋ ಏನೋ, ಶಾಂತಾ ಇದ್ದಾಳಲ್ಲ ಎಂದು. ನನ್ನ ಕಿವಿಗೂ ಬಿದ್ದಿತ್ತು. ಅಕ್ಕನಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ.

ಅಕ್ಕ ನೀರನ್ನೇ ನೋಡುತ್ತ, “ಏನರಿ, ನಿಮ್ಮ ಮುಂದ ಒಂದ ಮಾತ ಹೇಳೂದದ. ಶಾಂತಾನೂ ಕೇಳ್ಲಿ” ಎಂದಳು.

ಮಾಮಾ ಇಂಜಿನ್ ಆರಿಸಿ ಹಿಂದಕ್ಕೆ ತಿರುಗಿದರು.

“ನನ್ನ ಹಿಂದ ಎಲ್ಲಾರೂ ಶಾಂತಾನ್ನ ನಿಮಗ ಕೊಡಾಕ ನೋಡ್ತಾರ. ನೀವು ಹೂಂ ಅನಬ್ಯಾಡ್ರಿ.”

“ಅಕ್ಕಾ, ಏನ ಮಾತಿದು!” ಎಂದೆ. ನನ್ನ ಕಿವಿ ಬಿಸಿಯಾಗಿತ್ತು.

“ನೀ ಸುಮ್ಮನಿರು. ಈಕಿ ನನ್ನ ಹೇಲು ಉಚ್ಚಿ ಬಳದಾಳ. ನನ್ನ ತಲಿ ಬಾಚ್ಯಾಳ. ಇನ್ನ ನನ್ನ ಸಂಸಾರನೂ ಈಕಿ ತಲಿಗೆ ಕಟ್ಟಿ ಹೋಗ್ಲೇನು? ಈಕಿ ಒಲ್ಲೆ ಅನ್ನಾಕಿ ಅಲ್ಲ, ಅದಕ್ಕ ನಾ ನಿಮಗ ಹೇಳಾಕತ್ತೀನಿ. ಬ್ಯಾರೆ ಯಾರನ್ನರ ಮಾಡ್ಕೋರಿ, ಬಿಡ್ರಿ, ನಿಮ್ಮ ಮರ್ಜಿ. ಶಾಂತಾನ್ನ ಮಾತ್ರ ಕೇಳಬ್ಯಾಡ್ರಿ.”

ಮಾಮಾ ಸೀಟಿನ ಮೇಲಿಂದ ಕೈ ಚಾಚಿದರು. ಅಕ್ಕ ಆ ಕೈ ಹಿಡಿದುಕೊಂಡಳು. “ಕೇಳಂಗಿಲ್ಲ” ಎಂದರು ಅವರು. ಅಕ್ಕನ ತಲೆ ನನ್ನ ಎದೆಗೆ ಒರಗಿತ್ತು. ನನಗೆ ನಾಚಿಕೆಯೂ ಆಯಿತು, ಎದೆಯ ಮೇಲಿನ ಭಾರ ಇಳಿದಂತೆಯೂ ಆಯಿತು, ತನ್ನ ಸಾವನ್ನು ಅವಳು ಹೀಗೆ ಹಂಚಿಕೊಡುವುದನ್ನು ಕಂಡು ಸಿಟ್ಟೂ ಬಂತು. ಯಾವುದನ್ನು ತೋರಿಸಬೇಕೆಂದು ತಿಳಿಯದೆ ಅವಳ ಸೆರಗು ಸರಿಪಡಿಸಿದೆ.

ಉತ್ತರಿ ಮಳೆ ಆ ವರ್ಷ ಬಿಡದೆ ಹಿಡಿಯಿತು. ದವಾಖಾನೆಯಲ್ಲಿ ಡಾಕ್ಟರು ಸೂಜಿ ಹಾಕಿದರೆ ಈ ಸಲ ನೀರು ಬರಲಿಲ್ಲ, ರಕ್ತವಷ್ಟೇ ಬಂತು. ಅವರು ಮಾಮಾನನ್ನು ಹೊರಗೆ ಕರೆದೊಯ್ದರು. ಅಪ್ಪನೂ ಜೊತೆಗೆ ಹೋದರು. ಅಪ್ಪನಿಗೆ ಎಲ್ಲ ಗೊತ್ತಾದದ್ದು ಆಗಲೇ. ನನ್ನ ಅಪ್ಪ, ಅಂಗಡಿಯಲ್ಲಿ ದನಿಯೇರಿಸಿ ಮಾತಾಡುವ ಮನುಷ್ಯ, ದವಾಖಾನೆಯ ಮೊಗಸಾಲೆಯಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು.

“ಈ ಮಳ್ಯಾಗ ಒಯ್ಯಬ್ಯಾಡ್ರಿ. ನಡುವ ಹಳ್ಳದಾಗ ಏನರ ಆದ್ರ? ನನ್ನ ಮನ್ಯಾಗ ಇರಲಿ ನನ್ನ ಕೂಸು” ಎಂದು ಅಳಿಯನ ಕೈ ಹಿಡಿದುಕೊಂಡರು.

ಮಾಮಾ ಅಕ್ಕನ ಮುಖ ನೋಡಿದರು. ಅವಳಿಗೆ ಮಾತಿಗೆ ಶಕ್ತಿಯಿರಲಿಲ್ಲ. “ಗೌರಿ” ಎಂದಳು ಅಷ್ಟೆ.

ನಾವು ಹಳ್ಳಕ್ಕೆ ಬಂದಾಗ ಇನ್ನೂ ಹೊತ್ತಿತ್ತು. ನೀರು ಕೆಂಪಗೆ, ಅಗಲಕ್ಕೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಊರವರು ಕಂಬಳಿ ಹೊದ್ದು ನಿಂತಿದ್ದರು. ಮಾಮಾ ಧೋತರ ಎತ್ತಿ ಕಟ್ಟಿ, ಕೋಲು ಹಿಡಿದು ನೀರಿಗಿಳಿದರು. ತೊಡೆ ಮುಳುಗಿತು, ಸೊಂಟದ ಹತ್ತಿರ ಬಂತು, ಅಲ್ಲಿಂದ ಇಳಿಯಿತು. ಮರಳಿ ಬಂದು ಇಂಜಿನ್ನಿನ ಮುಂದೆ ದಪ್ಪನೆಯ ತಾಡಪತ್ರಿ ಬಟ್ಟೆ ಕಟ್ಟಿದರು. ಫ್ಯಾನಿನ ಬೆಲ್ಟು ಸಡಿಲಿಸಿದರು, ನೀರು ಎರಚದಿರಲೆಂದು. ಎಲ್ಲವನ್ನೂ ಬಾಬು ಮಿಸ್ತ್ರಿ ಹೇಳಿಕೊಟ್ಟಿದ್ದ. “ಶಾಂತಾ, ಆಕಿನ್ನ ಗಟ್ಟಿ ಹಿಡಿ” ಎಂದು ಗೇರು ಹಾಕಿದರು.

ಜೀಪು ಮೆಲ್ಲಗೆ ಇಳಿಯಿತು. ನೀರು ಬಾಗಿಲ ಕೆಳಗೆ ಬಡಿಯಿತು, ಒಳಗೆ ತಳದಲ್ಲಿ ಸ್ವಲ್ಪ ಹರಿಯಿತು. ಗಾಡಿ ಒಮ್ಮೆ ಪಕ್ಕಕ್ಕೆ ವಾಲಿತು. ಎತ್ತರ ಮಾಡಿದ ಗಾಡಿ ಬೇಗ ಉರುಳುತ್ತದೆಂದು ನಾನು ಅಕ್ಕನನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಮುಂದಿನ ಗಾಲಿ ಯಾವುದೋ ಬಂಡೆಯ ಮೇಲೆ ಹತ್ತಿ ಇಳಿಯಿತು. ಅಕ್ಕ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಭಯವಿರಲಿಲ್ಲ ಆ ಕಣ್ಣಲ್ಲಿ. “ನೀರ ತಂಪದ ನೋಡು” ಎಂದಳು. ಅವಳ ಕಾಲ ಬೆರಳಿಗೆ ನೀರು ತಾಗಿತ್ತು. ಆಚೆ ದಂಡೆ ಹತ್ತಿದಾಗ ಯಾರೂ ಕೂಗಲಿಲ್ಲ. ಊರವರು ಎರಡೂ ಬದಿಗೆ ನಿಂತು ದಾರಿ ಬಿಟ್ಟರು.

ಮನೆಯಲ್ಲಿ ಅವಳು ಕೆಲವು ದಿನ ಇದ್ದಳು. ಕಿಟಕಿಯ ಪಕ್ಕ ಹಾಸಿಗೆ ಹಾಕಿದ್ದೆವು. ಹಿಂಗಾರಿ ಜೋಳಕ್ಕೆ ಹೊಲ ಹದವಾಗಿತ್ತು. ಬಿತ್ತುವ ಹಾಡು ಕೇಳಿಸುವಷ್ಟು ಹತ್ತಿರದಲ್ಲಿ ಕೂರಿಗೆ ಓಡುತ್ತಿತ್ತು. ಒಂದು ಬೆಳಗ್ಗೆ ಗೌರಿಗೆ ಹಾಲು ಕುಡಿಸಿದಿರಾ ಎಂದು ಅತ್ತೆಯನ್ನು ಕೇಳಿದಳು. ಕುಡಿಸಿದೆನವ್ವಾ ಎಂದರು. ತಲೆಯಾಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ವಿಭೂತಿ ಹಚ್ಚಲು ಹಣೆ ಮುಟ್ಟಿದೆ. ತಣ್ಣಗಿತ್ತು.

ಅವಳನ್ನು ಅವರದೇ ಹೊಲದಲ್ಲಿ ಕೂಡಿಸಿ ಮಣ್ಣು ಕೊಟ್ಟರು. ಬಿತ್ತಿದ ಹೊಲದಲ್ಲಿ ಅಷ್ಟು ಜಾಗ ಬಿಟ್ಟಿದ್ದರು. ಯಾವಾಗ ಬಿಟ್ಟಿದ್ದರೋ, ನಾನು ಕೇಳಲಿಲ್ಲ.

ದಿನ ಕರ್ಮಗಳು ಮುಗಿದ ಮೇಲೆ ಹಿರಿಯರು ಪಡಸಾಲೆಯಲ್ಲಿ ಕುಳಿತರು. ಅಪ್ಪ ಅಳುತ್ತಲೇ ಮಾತು ತೆಗೆದರು. ಶಾಂತಾನನ್ನು ಇದೇ ಮನೆಗೆ ಕೊಡುತ್ತೇನೆ, ಒಬ್ಬ ಮಗಳು ಹೋದಳು, ಮೊಮ್ಮಗಳಾದರೂ ನನ್ನ ಕೈಯಲ್ಲಿರಲಿ ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

“ಬ್ಯಾಡ್ರಿ ಮಾಂವ” ಎಂದರು ಮಾಮಾ. “ಕಸ್ತೂರಿಗೆ ಮಾತ ಕೊಟ್ಟೀನಿ.”

“ಸಾಯಾಕಿ ಏನರ ಅಂತಾಳ. ಅದನ್ನ ಹಿಡಕೊಂಡ ಕೂಸಿನ ಬಾಳೇ ಹಾಳ ಮಾಡ್ತೀರೇನು?”

“ಆಕಿ ಭಾಳ ವಿಚಾರ ಮಾಡಿ ಅಂದಾಳರಿ.”

ಅಪ್ಪನಿಗೆ ಅದು ಅವಮಾನವಾಗಿ ಕಂಡಿತು. ತಾವಾಗಿ ಕೊಡಬಂದ ಮಗಳನ್ನು ಬೇಡ ಎಂದಂತೆ. ಅಂದೇ ಹೊರಡು ಎಂದರು ನನಗೆ. ಮಾಮಾ ನಮ್ಮನ್ನು ಅಕ್ಕಲಕೋಟೆಯ ಎಸ್.ಟಿ. ನಿಲ್ದಾಣದವರೆಗೆ ಬಿಡಲು ಬಂದರು. ಗೌರಿ ನನ್ನ ಮಡಿಲಲ್ಲಿ ಕುಳಿತು ಬಂದಳು. ಅಪ್ಪ ಟಿಕೀಟಿನ ಸಾಲಿನಲ್ಲಿ ನಿಂತಾಗ ಮಾಮಾ ನನ್ನ ಕಡೆ ತಿರುಗದೆ ಕೇಳಿದರು: “ಶಾಂತಾ, ಆಕಿ ಹೇಳಿದ್ಲು, ನಾ ಕೇಳಿದ್ನಿ. ನಿನ್ನ ಮನಸಿನ್ಯಾಗ ಏನದ ಅಂತ ಯಾರೂ ಕೇಳ್ಲಿಲ್ಲ.”

“ನನಗ ಮುಂದ ಕಲೀಬೇಕಂತದರಿ ಮಾಮಾ. ಮಾಸ್ತರಕಿ ಮಾಡಬೇಕಂತದ” ಎಂದೆ. ಅದು ನಿಜವಾಗಿತ್ತು.

“ಕಲಿ” ಎಂದರು. ಗೌರಿಯನ್ನು ನನ್ನ ತೋಳಿಂದ ಬಿಡಿಸಲು ಅವರಿಗೆ ಕಷ್ಟವಾಯಿತು. ಕೂಸು ನನ್ನ ಸೆರಗು ಹಿಡಿದಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. “ಸಣ್ಣವ್ವ ಬರ್ತಾಳ, ದೀಪಾವಳಿಗೆ ಬರ್ತಾಳ” ಎಂದು ಸಮಾಧಾನ ಹೇಳಿದರು. ಬರ್ತೀನಿ ಎಂದು ನಾನೂ ಹೇಳಿದೆ.

ದೀಪಾವಳಿಗೆ ಅಪ್ಪ ಬಿಡಲಿಲ್ಲ. ಯುಗಾದಿಗೂ ಬಿಡಲಿಲ್ಲ. ಆ ಮನೆಯ ಹೆಸರೆತ್ತಿದರೆ ಊಟದಿಂದ ಎದ್ದುಹೋಗುತ್ತಿದ್ದರು. ನಾನು ಬಿ.ಎಡ್. ಮುಗಿಸಿದೆ, ಮಂಗಳವೇಢೆಯ ಸಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ಮದುವೆಯೂ ಅಲ್ಲೇ ಆಯಿತು. ಮಾಮಾ ಮತ್ತೆ ಮದುವೆಯಾಗಲಿಲ್ಲವೆಂದು, ಗೌರಿಯನ್ನು ಅಜ್ಜಿಯೇ ಬೆಳೆಸುತ್ತಿದ್ದಾಳೆಂದು ಅವರಿವರಿಂದ ಕೇಳುತ್ತಿದ್ದೆ. ಎಂಟು ಹತ್ತು ವರ್ಷ ಕಳೆದು ಅಪ್ಪ ತೀರಿಕೊಂಡ ಮೇಲೆ, ಒಂದು ಬೇಸಿಗೆಯ ರಜೆಯಲ್ಲಿ ಗಂಡನನ್ನು ಕೇಳಿ, ಒಬ್ಬಳೇ ಎಸ್.ಟಿ. ಹತ್ತಿ ಹೋದೆ. ಡಾಂಬರು ರಸ್ತೆಯಲ್ಲಿ ಇಳಿದು, ಒಣಗಿದ ಹಳ್ಳವನ್ನು ನಡೆದೇ ದಾಟಿದೆ.

ಅಂಗಳದಲ್ಲಿ ಪರಕಾರ-ಕುಪ್ಪಸ ತೊಟ್ಟ ಹುಡುಗಿಯೊಬ್ಬಳು ಮೆಣಸಿನಕಾಯಿ ಹರವುತ್ತಿದ್ದಳು. ಅಕ್ಕನದೇ ಕತ್ತು, ಅಕ್ಕನದೇ ಹುಬ್ಬು. ನನ್ನನ್ನು ಕಂಡು ಎದ್ದು, ಕೈ ಕೊಡವಿಕೊಂಡು, ಅಪರಿಚಿತ ಹೆಂಗಸರಿಗೆ ಕೊಡುವ ಮರ್ಯಾದೆ ಕೊಟ್ಟು ಕೇಳಿದಳು:

“ಯಾರ ಬೇಕಾಗಿತ್ರಿ? ಅಪ್ಪ ಹೊಲಕ್ಕ ಹೋಗ್ಯಾರ.”

ನಾನು ಸೆರಗಿನ ತುದಿಯಿಂದ ಬೆವರು ಒರೆಸಿಕೊಂಡೆ. ಅವಳು ಒಳಗೆ ತಿರುಗಿ, “ಅಜ್ಜೀ, ಯಾರೋ ಬಂದಾರ” ಎಂದು ಕೂಗಿದಳು. ಆಮೇಲೆ, ನಾನು ಬಿಸಿಲಲ್ಲಿ ನಡೆದು ಬಂದದ್ದು ನೋಡಿ ಮರುಕಗೊಂಡು, ನೆರಳಿಗೆ ಚಾಪೆ ಹಾಸಿ, “ಬರ್ರಿ, ಕೂಡ್ರಿ, ನೀರ ತರ್ತೀನಿ” ಎಂದಳು.